ಕಲ್ಲು ಮತ್ತು ಚಿಲಕ

ನಮ್ಮದು ಚಿತ್ರದುರ್ಗ. ಕಲ್ಲಿನಕೋಟೆ ಎಂದೇ ಹೆಸರಾದ ಊರು. ಇಲ್ಲಿ ಹುಟ್ಟಿ ಬೆಳೆದವರಿಗೆ ಕಲ್ಲೇನೂ ಅಪರೂಪದ ವಸ್ತುವಲ್ಲ. ಕಿಟಕಿ ತೆರೆದರೆ ಕಲ್ಲು, ಬಾವಿ ತೋಡಿದರೆ ಕಲ್ಲು, ಸೊಸೈಟಿ ಅಕ್ಕಿ ಆರಿಸಲು ಕೂತರೆ ಮೊರದ ತುಂಬ ಕಲ್ಲು. ಇಷ್ಟು ಸಾಲದೆಂಬಂತೆ ಐವತ್ತಮೂರನೆಯ ವಯಸ್ಸಿನಲ್ಲಿ ನನ್ನ ಹೊಟ್ಟೆಯೊಳಗೂ ಒಂದು ಕಲ್ಲು ಬಂದು ಕೂತಿತು. ಹೆಚ್ಚೇನಿಲ್ಲ, ಎಂಟು ಮಿಲಿಮೀಟರ್. ಒಂದು ಕಡಲೆಕಾಳಿನಷ್ಟು. ಆದರೆ ಕೋಟೆಯ ಏಳು ಸುತ್ತನ್ನೂ ದಿನಾ ನೋಡಿ ಹೆದರದಿದ್ದ ನನ್ನನ್ನು ಆ ಕಡಲೆಕಾಳು ನೆಲಕ್ಕೆ ಕೆಡವಿತು.

2023ರ ಫೆಬ್ರವರಿ ತಿಂಗಳು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿತ್ತು. ನಾನು ಸಮಾಜ ವಿಜ್ಞಾನದವಳು. ಮಧ್ಯಾಹ್ನದ ಊಟವಾದ ಮೇಲಿನ ಮೊದಲ ಪಿರಿಯಡ್ಡು, 1857ರ ದಂಗೆಯ ಕಾರಣಗಳನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

“ಮಿಸ್, ಒಂದಕ್ಕೆ ಹೋಗ್ಬರ್ಲಾ? ಇವಳೂ ಬರ್ತಾಳೆ.”

“ಒಬ್ಬಳೇ ಹೋಗೋಕೆ ದಾರಿ ಗೊತ್ತಿಲ್ವೇನೇ? ಇದೇನು ಮದುವೆ ದಿಬ್ಬಣವಾ ಜೊತೆಗೆ ಜನ ಕರ್ಕೊಂಡು ಹೋಗೋಕೆ? ಕೂತ್ಕೋ. ಬೆಲ್ ಆದ್ಮೇಲೆ ಹೋಗು.”

ಹುಡುಗರು ನಕ್ಕರು. ಅವಳು ಕೂತಳು. ನಾನು ಮೂರನೆಯ ಕಾರಣ ಬರೆಸಿ ನಾಲ್ಕನೆಯದಕ್ಕೆ ಬಂದಿದ್ದೆನೋ ಇಲ್ಲವೋ, ಎಡಗಡೆ ಸೊಂಟದ ಮೇಲೆ ಯಾರೋ ಕುಡುಗೋಲು ಸಿಕ್ಕಿಸಿ ಮುಂದಕ್ಕೆ ಎಳೆದ ಹಾಗಾಯಿತು. ಕೈಯಲ್ಲಿದ್ದ ಸೀಮೆಸುಣ್ಣ ಜಾರಿ ಬಿತ್ತು. ಕೂತರೆ ನೋವು, ನಿಂತರೆ ನೋವು, ಬಗ್ಗಿದರೆ ಇನ್ನೂ ನೋವು. ಎರಡು ಹೆತ್ತವಳು ನಾನು. ಹೆರಿಗೆ ನೋವಿಗಾದರೂ ನಡುನಡುವೆ ಉಸಿರಾಡಲು ಬಿಡುವ ಮರ್ಯಾದೆ ಇರುತ್ತದೆ. ಇದಕ್ಕೆ ಅದೂ ಇರಲಿಲ್ಲ. ಪಿ.ಟಿ. ಮೇಷ್ಟ್ರು ತಮ್ಮ ಸ್ಕೂಟರಿನಲ್ಲಿ ಮನೆಗೆ ತಂದು ಬಿಟ್ಟಾಗ ನನ್ನ ಸೀರೆ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು.

ಇಂಜೆಕ್ಷನ್ ಕೊಟ್ಟ ಮೇಲೆ ನೋವೇನೋ ಅಡಗಿತು. ಅದರ ಜಾಗಕ್ಕೆ ಸಲಹೆಗಳು ಬಂದವು. ನಮ್ಮ ಜನರಲ್ಲಿ ಕಲ್ಲಿಗೆ ಮದ್ದು ಗೊತ್ತಿಲ್ಲದವರು ಒಬ್ಬರೂ ಇಲ್ಲ ಎಂದು ನನಗೆ ತಿಳಿದದ್ದು ಆಗಲೇ. ಎದುರುಮನೆಯವರು ಬಾಳೆದಿಂಡಿನ ರಸ ಎಂದರು. ನಮ್ಮ ಅತ್ತಿಗೆ ಹುರುಳಿಕಟ್ಟು ಎಂದರು. ಕನ್ನಡ ಮೇಷ್ಟ್ರು ಬಾರ್ಲಿ ನೀರು ಎಂದರು. ಪಿ.ಟಿ. ಮೇಷ್ಟ್ರು ಮಾತ್ರ ನನ್ನನ್ನು ಬಿಟ್ಟು ನಮ್ಮ ಯಜಮಾನರನ್ನು ಅಂಗಳಕ್ಕೆ ಕರೆದು, “ಸಾರ್, ತಪ್ಪು ತಿಳೀಬೇಡಿ, ಎರಡು ಬಾಟ್ಲಿ ಬೀರು ಕುಡಿಸಿಬಿಡಿ” ಎಂದು ಪಿಸುಗುಟ್ಟಿದ್ದು ಒಳಗಿದ್ದ ನನಗೂ ಕೇಳಿಸಿತು. ಯಜಮಾನರು ಇಷ್ಟೆಲ್ಲ ಸಲಹೆಗಳನ್ನು ಸೋಸಿ, ಟೊಮೆಟೊ ಬೀಜದಿಂದಲೇ ಕಲ್ಲಾಗುವುದು ಎಂದೂ, ಹಾಲಿನ ಸುಣ್ಣದಿಂದ ಅದು ಬೆಳೆಯುವುದು ಎಂದೂ ತೀರ್ಮಾನಿಸಿ, ಎರಡನ್ನೂ ಮನೆಯಿಂದ ಗಡೀಪಾರು ಮಾಡಿದರು. ಮೂರು ದಿನ ಕರೀ ಕಾಫಿ ಕುಡಿದು ಹುಣಸೆ ಸಾರಿನಲ್ಲಿ ಊಟ ಮಾಡಿದೆವು. ನಾಲ್ಕನೆಯ ರಾತ್ರಿ ನೋವು ಮತ್ತೆ ಬಂತು.

ಆ ರಾತ್ರಿ ನನಗೆ ನೆನಪಾದವರು ನಮ್ಮ ಅಪ್ಪ. ಅವರಿಗೂ ಕಲ್ಲಾಗಿತ್ತು. 1978, ನಾನಾಗ ಮೂರನೆಯ ಕ್ಲಾಸು. ಅಂಚೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಮ್ಮ ಹೋಗುವ ಮುಂಚೆ ದೇವರ ಮುಂದೆ ಕಾಣಿಕೆ ಕಟ್ಟಿಟ್ಟದ್ದು, ನಮ್ಮನ್ನು ಅಜ್ಜಿಯ ಮನೆಯಲ್ಲಿ ಬಿಟ್ಟದ್ದು, ಅಜ್ಜಿ ಬಂದವರ ಹತ್ತಿರವೆಲ್ಲ “ಹೊಟ್ಟೆ ಕೊಯ್ತಾರಂತೆ” ಎಂದು ಅಳುತ್ತಿದ್ದದ್ದು ಎಲ್ಲ ನೆನಪಿದೆ. ಅಪ್ಪ ಮನೆಗೆ ಬಂದದ್ದು ಮೂರು ವಾರದ ಮೇಲೆ. ಕೆಲಸಕ್ಕೆ ಹೋದದ್ದು ಇನ್ನೆರಡು ತಿಂಗಳಾದ ಮೇಲೆ. ಬೆನ್ನಿನಿಂದ ಹೊಟ್ಟೆಯವರೆಗೆ ಬಳಸಿಕೊಂಡು ಬಂದ ಒಂದು ಗೇಣಿಗೂ ಉದ್ದದ ಗಾಯದ ಗೆರೆ, ಅದರ ಎರಡೂ ಕಡೆ ಹೊಲಿಗೆಯ ಚುಕ್ಕಿಗಳು. ಜರಿಮುಳ ಹರಿದ ಹಾಗೆ ಕಾಣುತ್ತಿತ್ತು. ತೆಗೆದ ಕಲ್ಲನ್ನು ಡಾಕ್ಟರು ಅಪ್ಪನಿಗೇ ಕೊಟ್ಟಿದ್ದರು. ನೆಲ್ಲಿಕಾಯಿ ಗಾತ್ರದ್ದು, ಒರಟು, ಕಂದು ಬಣ್ಣ. ಅದನ್ನು ಒಂದು ನಶ್ಯದ ಡಬ್ಬಿಯಲ್ಲಿಟ್ಟುಕೊಂಡು, ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದನ್ನು ತೋರಿಸುತ್ತಿದ್ದರು. ನಾವು ಮಕ್ಕಳಿಗೆ ಅಪ್ಪನೊಬ್ಬ ಯುದ್ಧ ಗೆದ್ದು ಬಂದ ವೀರ.

ಹಾಗಾಗಿ ಕಲ್ಲು ಎಂದರೆ ನನ್ನ ಪಾಲಿಗೆ ಆ ಗಾಯದ ಗೆರೆಯೇ. ದಾವಣಗೆರೆಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಆಗಿ, ಡಾಕ್ಟರ ಎದುರು ಕೂತಾಗ, ಅವರು ಬಾಯಿ ತೆರೆಯುವ ಮೊದಲೇ ಕೇಳಿದೆ: “ಎಷ್ಟುದ್ದ ಕೊಯ್ತೀರಿ?”

ಡಾಕ್ಟರು ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನ ಹುಡುಗ. ನಕ್ಕು ಹೇಳಿದರು: “ಕೊಯ್ಯೋದೇ ಇಲ್ಲ ಮೇಡಂ.”

ನಾನು ನಂಬಲಿಲ್ಲ. ಆತ ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದರು. ಎರಡು ಮೂತ್ರಪಿಂಡ, ಅವುಗಳಿಂದ ಇಳಿಯುವ ಎರಡು ನಾಳ, ಕೆಳಗೆ ಮೂತ್ರಕೋಶ. ನಾಳದ ಉದ್ದ ಒಂದಡಿಗೂ ಕಮ್ಮಿ, ಒಳಗಿನ ಅಗಲ ಮೂರು ನಾಲ್ಕು ಮಿಲಿಮೀಟರ್. ಐದು ಮಿಲಿಮೀಟರಿಗಿಂತ ಸಣ್ಣ ಕಲ್ಲಾದರೆ ಬಹುಪಾಲು ತಾನಾಗಿಯೇ ಇಳಿದುಹೋಗುತ್ತದೆ. ಬಾಳೆದಿಂಡು, ಹುರುಳಿಕಟ್ಟು, ಬೀರುಗಳ ಕೀರ್ತಿಯೆಲ್ಲ ಇಂಥ ಹೊರಟು ನಿಂತ ಕಲ್ಲುಗಳಿಂದ ಬಂದದ್ದು. ನನ್ನದು ಎಂಟು. ಎಡಗಡೆಯ ನಾಳದ ಕೆಳಭಾಗದಲ್ಲಿ ಸಿಕ್ಕಿಕೊಂಡಿತ್ತು, ಅದರ ಹಿಂದೆ ಮೂತ್ರ ನಿಂತು ಪಿಂಡ ಊದಿಕೊಂಡಿತ್ತು. ಜೊತೆಗೆ ಚಳಿಜ್ವರ ಬಂದರೆ ಒಂದು ದಿನವೂ ಕಾಯುವಂತಿಲ್ಲ, ರಾತ್ರಿಯಾದರೂ ಸರಿ ಬಂದುಬಿಡಿ ಎಂದರು.

ನಾನು ಕೋಟೆ ಊರಿನವಳೆಂದು ತಿಳಿದು ಆ ಡಾಕ್ಟರು ಕೋಟೆಯ ಲೆಕ್ಕದಲ್ಲೇ ವಿವರಿಸಿದರು. ನಿಮ್ಮಪ್ಪನ ಕಾಲದಲ್ಲಿ ಕೋಟೆಯ ಗೋಡೆಯನ್ನೇ ಒಡೆದು ಒಳಗೆ ಹೋಗುತ್ತಿದ್ದೆವು. ಈಗ ಮೂರು ದಾರಿ ಇವೆ. ಪಿಂಡದೊಳಗಿನ ಕಲ್ಲು ಮಧ್ಯಮ ಗಾತ್ರದ್ದಾದರೆ ಹೊರಗಿನಿಂದಲೇ ಆಘಾತದ ಅಲೆಗಳನ್ನು ಬಿಟ್ಟು ಪುಡಿ ಮಾಡುವುದು. ಚರ್ಮಕ್ಕೆ ಗೀರೂ ಬೀಳುವುದಿಲ್ಲ. ಎರಡು ಸೆಂಟಿಮೀಟರಿಗಿಂತ ದೊಡ್ಡ ಕಲ್ಲಾದರೆ ಬೆನ್ನಿನಲ್ಲಿ ಬೆರಳು ತೂರುವಷ್ಟು ಒಂದು ಕಿಂಡಿ ಮಾಡಿ, ಅಲ್ಲಿಂದ ದುರ್ಬೀನು ತೂರಿಸಿ ಒಡೆದು ತೆಗೆಯುವುದು. ನನ್ನಂತೆ ನಾಳದಲ್ಲಿ ಸಿಕ್ಕಿಕೊಂಡಿದ್ದರೆ ಕಿಂಡಿಯೂ ಬೇಡ. ಮೂತ್ರ ಹೊರಬರುವ ಹಾದಿಯಿಂದಲೇ ಸಣ್ಣ ದುರ್ಬೀನು ಒಳಗೆ ಕಳಿಸಿ ಲೇಸರ್ ಕಿರಣದಿಂದ ಕಲ್ಲನ್ನು ಪುಡಿ ಮಾಡುವುದು.

“ಅಂದ್ರೆ ಹೈದರಾಲಿ ಸೈನಿಕರು ಕಿಂಡೀಲಿ ನುಗ್ಗಿದ ಹಾಗೆ ಒಂದು, ಹೆಬ್ಬಾಗಿಲಿಂದ ಬಂದ ಹಾಗೆ ಇನ್ನೊಂದು” ಎಂದೆ.

“ಹೌದು ಮೇಡಂ. ಓಬವ್ವ ಒನಕೆ ಹಿಡ್ಕೊಂಡು ನಿಂತಿಲ್ದೇ ಇದ್ರೆ ಸಾಕು” ಎಂದರು. ನೋವಿನಲ್ಲೂ ನಗು ಬಂತು.

ಮೇಷ್ಟರ ಬುದ್ಧಿ ನೋಡಿ, ಊರಿಗೆ ಬಂದವಳೇ ಇದರ ಇತಿಹಾಸ ಹುಡುಕಿದೆ. ನಮ್ಮ ಸುಶ್ರುತ ಇದನ್ನು ಅಶ್ಮರಿ ಎಂದು ಕರೆದು ಶಸ್ತ್ರಚಿಕಿತ್ಸೆಯನ್ನೂ ವಿವರಿಸಿದ್ದಾನೆ. ಆದರೆ ನುರಿತ ವೈದ್ಯನಿಗೂ ಯಶಸ್ಸು ಖಚಿತವಲ್ಲ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಕೈಹಾಕು ಎಂದು ಎಚ್ಚರಿಸಿದ್ದಾನೆ. ಗ್ರೀಸಿನ ವೈದ್ಯರು ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಮಾಡುತ್ತಿದ್ದ ಪ್ರತಿಜ್ಞೆಯಲ್ಲಿ ಕಲ್ಲಿಗಾಗಿ ಕೊಯ್ಯುವುದಿಲ್ಲ ಎಂಬ ಮಾತೇ ಇದೆ. ಲಂಡನ್ನಿನಲ್ಲಿ ದಿನಚರಿ ಬರೆದು ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1658ರ ಮಾರ್ಚ್ 26ರಂದು, ಮತ್ತು ಬರಿಸುವ ಮದ್ದೇ ಇಲ್ಲದ ಕಾಲದಲ್ಲಿ, ಕೈಕಾಲು ಕಟ್ಟಿಸಿಕೊಂಡು ಕಲ್ಲು ತೆಗೆಸಿಕೊಂಡ. ಬದುಕಿದ್ದಕ್ಕೆ ಆ ದಿನವನ್ನು ಹಬ್ಬವೆಂದು ಆಚರಿಸತೊಡಗಿದ, ಕಲ್ಲಿಗೆ ಪೆಟ್ಟಿಗೆ ಮಾಡಿಸಿ ಇಟ್ಟುಕೊಂಡ. ಓದಿ ನನಗೆ ಅಪ್ಪನ ನಶ್ಯದ ಡಬ್ಬಿ ಕಣ್ಣಮುಂದೆ ಬಂತು. ಕಲ್ಲು ಗೆದ್ದವರೆಲ್ಲ ಒಂದೇ ಕುಲದವರು!

ಕೊಯ್ಯದೆ ತೆಗೆಯುವ ಆಸೆಯೂ ಹಳೆಯದೇ. 1824ರಲ್ಲಿ ಪ್ಯಾರಿಸ್ಸಿನ ಸಿವಿಯಾಲ್ ಎಂಬ ವೈದ್ಯ ಮೂತ್ರದ ಹಾದಿಯಿಂದ ಸಲಕರಣೆ ತೂರಿಸಿ ಕೋಶದೊಳಗಿನ ಕಲ್ಲನ್ನು ಪುಡಿಮಾಡಿದ. ಬೆನ್ನಿನ ಕಿಂಡಿಯಿಂದ ಕಲ್ಲು ತೆಗೆಯುವ ಕ್ರಮವನ್ನು ಸ್ವೀಡನ್ನಿನ ವೈದ್ಯರು ಪ್ರಕಟಿಸಿದ್ದು 1976ರಲ್ಲಿ. ಮ್ಯೂನಿಕ್ಕಿನಲ್ಲಿ ಒಬ್ಬ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿ ಮೊತ್ತಮೊದಲು ಆಘಾತದ ಅಲೆಗಳಿಂದ ಕಲ್ಲೊಡೆದದ್ದು 1980ರ ಫೆಬ್ರವರಿಯಲ್ಲಿ. ಆ ಯಂತ್ರವನ್ನು ಮಾಡಿದವರು ವಿಮಾನ ತಯಾರಿಸುವ ಡಾರ್ನಿಯರ್ ಕಂಪನಿಯವರು. ನಮ್ಮಪ್ಪನನ್ನು ಕೊಯ್ದದ್ದು ಇವೆರಡರ ನಡುವೆ. ದಾರಿ ಗೊತ್ತಾಗಿತ್ತು, ಅದು ಅಂಚೆ ಗುಮಾಸ್ತನ ತನಕ ಬಂದಿರಲಿಲ್ಲ ಅಷ್ಟೆ.

ನನ್ನ ಆಪರೇಷನ್ನಿನ ಕಥೆ ಬಲು ಚಿಕ್ಕದು. ಬೆನ್ನುಹುರಿಯ ಹತ್ತಿರ ಒಂದು ಇಂಜೆಕ್ಷನ್. ಸೊಂಟದಿಂದ ಕೆಳಗೆ ನನ್ನದೆಂಬುದೇ ಉಳಿಯಲಿಲ್ಲ. ಪಕ್ಕದಲ್ಲಿ ಟಿ.ವಿ. ಪರದೆ. ಅದರಲ್ಲಿ ಗುಲಾಬಿ ಬಣ್ಣದ ಒಂದು ಸುರಂಗ, ಅದರ ತುದಿಯಲ್ಲಿ ಹಳದಿ ಕಲ್ಲು, ಎಲ್ಲವೂ ನೀರಿನಲ್ಲಿ ತೊಯ್ದು ಹೊಳೆಯುತ್ತಿತ್ತು. ಐವತ್ತಮೂರು ವರ್ಷ ನನ್ನೊಳಗೇ ಇದ್ದ ಜಾಗವನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಕೂದಲೆಳೆಯಂಥ ತಂತಿಯ ತುದಿ ಕಲ್ಲಿಗೆ ತಾಗಿದಾಗ ಚಟಪಟ ಎಂದು ಹುಡಿ ಏಳುತ್ತಿತ್ತು, ಹೋಳಿಗೆಯ ಕಣಕಕ್ಕೆ ಹಿಟ್ಟು ಉದುರಿಸಿದಂತೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಮಾರನೆಯ ದಿನ ಸಂಜೆ ನಾನು ನನ್ನ ಮನೆಯ ಜಗುಲಿಯ ಮೇಲಿದ್ದೆ.

ಕಷ್ಟ ಶುರುವಾದದ್ದು ಆಮೇಲೆ. ನೋಡಲು ಬಂದವರಿಗೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಗಾಯವಿಲ್ಲ, ಹೊಲಿಗೆಯಿಲ್ಲ. ಕಲ್ಲಿನ ನಾಲ್ಕು ಚೂರನ್ನು ಪರೀಕ್ಷೆಗೆ ಲ್ಯಾಬಿಗೆ ಕಳಿಸಿದ್ದರು. ಅದು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಒಂದು ಕಾಗದ ಬಂತು, ಅಷ್ಟೆ. “ಆಪರೇಷನ್ ಅಂದ್ರು, ಚೆನ್ನಾಗೇ ಇದ್ದೀರಲ್ಲ?” ಎಂದು ಎದುರುಮನೆಯವರು ಸ್ವಲ್ಪ ನಿರಾಶೆಯಿಂದಲೇ ಎದ್ದು ಹೋದರು. ವೀರನ ಮಗಳು ವೀರಳಾಗಲಿಲ್ಲ.

ನಿಜವಾಗಿ ನನ್ನೊಳಗೆ ಒಂದು ವಸ್ತು ಇತ್ತು. ನಾಳ ಊದಿಕೊಂಡು ಮುಚ್ಚದಿರಲಿ ಎಂದು ಪಿಂಡದಿಂದ ಮೂತ್ರಕೋಶದವರೆಗೆ ಒಂದು ಮೆತ್ತನೆಯ ಕೊಳವೆ ಇಟ್ಟಿದ್ದರು. ಸ್ಟೆಂಟು ಎನ್ನುತ್ತಾರೆ. ಎರಡೂ ತುದಿ ಬಾಗಿರುವುದರಿಂದ ಜಾರುವುದಿಲ್ಲ. ಈ ಎರಡು ಕೊಕ್ಕೆಯ ಸ್ಟೆಂಟನ್ನು ಅಮೆರಿಕದ ಫಿನ್ನಿ ಎಂಬ ವೈದ್ಯ ಪ್ರಕಟಿಸಿದ್ದು ಅಪ್ಪನ ಆಪರೇಷನ್ನಾದ 1978ರಲ್ಲೇ. ಎರಡು ವಾರದ ಮೇಲೆ ಬಂದು ತೆಗೆಸಿಕೊಳ್ಳಿ, ಮರೆತು ಬಿಟ್ಟರೆ ಅದರ ಮೇಲೇ ಹೊಸ ಕಲ್ಲು ಕಟ್ಟುತ್ತದೆ ಎಂದು ತಾರೀಖು ಬರೆದು ಕೊಟ್ಟಿದ್ದರು. ಅದು ಮರೆಯುವಂಥದ್ದೇನೂ ಆಗಿರಲಿಲ್ಲ. ಕೊಳವೆಯ ಕೆಳತುದಿ ಮೂತ್ರಕೋಶವನ್ನು ಸದಾ ಕೆಣಕುತ್ತಿದ್ದುದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಹೋಗಬೇಕು, ಅದೂ ಬಂತೆಂದರೆ ಬಂತು, ತಡೆಯುವ ಮಾತೇ ಇಲ್ಲ.

ಪರೀಕ್ಷೆಯ ಕಾಲ, ರಜೆ ಮುಗಿದಿತ್ತು. ವಾರ ಕಳೆದು ಕೊಳವೆಯ ಸಮೇತ ಶಾಲೆಗೆ ಹೋದೆ.

ಇಲ್ಲಿ ನಮ್ಮ ಶಾಲೆಯ ಭೂಗೋಳ ಸ್ವಲ್ಪ ಹೇಳಬೇಕು. ಶಿಕ್ಷಕರ ಶೌಚಾಲಯ ಆಟದ ಮೈದಾನದ ಆಚೆ ಬದಿಯಲ್ಲಿದೆ. ಅದಕ್ಕೆ ಬೀಗ. ಬೀಗದ ಕೈ ಹೆಡ್ಮಾಸ್ಟರ ಕುರ್ಚಿಯ ಹಿಂದಿನ ಮೊಳೆಯಲ್ಲಿ. ಅಂದರೆ ಒಬ್ಬ ಹೆಂಗಸು ಅಲ್ಲಿಗೆ ಹೋಗಬೇಕಾದರೆ, ಹೆಡ್ಮಾಸ್ಟರು ಮತ್ತು ಅವರೆದುರು ಕೂತ ನಾಲ್ಕು ಜನರ ಮುಂದೆ ಆ ಕೈ ತೆಗೆದುಕೊಂಡು, ಕಬಡ್ಡಿ ಆಡುವ ಹುಡುಗರ ನಡುವೆ ಹಾದು, ಇಡೀ ಊರಿಗೆ ಡಂಗುರ ಸಾರಿದಂತೆ ಹೋಗಿ ಬರಬೇಕು. ಈ ಶಾಲೆಗೆ ಬಂದ ಒಂಬತ್ತು ವರ್ಷದಲ್ಲಿ ನಾನು ಹಾಗೆ ಹೋದದ್ದನ್ನು ಬೆರಳಲ್ಲಿ ಎಣಿಸಬಹುದು. ಬೇರೆ ಉಪಾಯ ಕಂಡುಕೊಂಡಿದ್ದೆ. ಬೆಳಿಗ್ಗೆ ಕಾಫಿ ಕುಡಿದು ಹೊರಟರೆ ಸಂಜೆ ನಾಲ್ಕೂವರೆಗೆ ಮನೆಗೆ ಬರುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಊಟದ ಹೊತ್ತಿಗೆ ಎರಡು ಗುಟುಕು, ಅಷ್ಟೆ. ಏಪ್ರಿಲ್ ಬಿಸಿಲಿರಲಿ, ಆರು ಪಿರಿಯಡ್ಡು ಗಂಟಲು ಹರಿದುಕೊಳ್ಳುವುದಿರಲಿ. ಹಿಂದಿನ ಶಾಲೆಗಳಲ್ಲೂ ಇದೇ. ಲೆಕ್ಕ ಹಾಕಿದರೆ ಇಪ್ಪತ್ತೇಳು ವರ್ಷ. ಡಾಕ್ಟರು ಮೊದಲ ದಿನವೇ “ನೀರು ಎಷ್ಟು ಕುಡೀತೀರಿ ಮೇಡಂ?” ಎಂದು ಕೇಳಿದಾಗ “ಕುಡೀತೀನಿ” ಎಂದಿದ್ದೆ. ಅವರು ತಲೆ ಎತ್ತದೆ, “ಟೀಚರ್ಸು, ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಎಲ್ಲ ಹೀಗೇ ಹೇಳ್ತಾರೆ” ಎಂದು ಬರೆದುಕೊಂಡಿದ್ದರು.

ಆ ದಿನ ಮೂರನೆಯ ಪಿರಿಯಡ್ಡು. ನಕಾಶೆ ತೂಗುಹಾಕಿ ನದಿಗಳನ್ನು ತೋರಿಸುತ್ತಿದ್ದೆ. ಬಂತು. ನಕಾಶೆ ಕೋಲು ಮೇಜಿನ ಮೇಲಿಟ್ಟು ಹೆಡ್ಮಾಸ್ಟರ ಕೋಣೆಗೆ ಓಡಿದರೆ ಅದಕ್ಕೇ ಬೀಗ, ಅವರು ಬಿ.ಇ.ಓ. ಕಚೇರಿಗೆ ಹೋಗಿದ್ದರು. ಬೇರೆ ದಾರಿಯಿಲ್ಲದೆ ಹುಡುಗಿಯರ ಶೌಚಾಲಯಕ್ಕೆ ನುಗ್ಗಿದೆ. ಒಳಗೆ ಹೋಗಿ ಬಾಗಿಲು ಹಾಕಲು ನೋಡಿದರೆ ಚಿಲಕವಿಲ್ಲ. ಒಂದು ಮೊಳೆಯಲ್ಲಿ ಅದರ ತುಕ್ಕು ಹಿಡಿದ ಅರ್ಧ ತುಂಡು ನೇತಾಡುತ್ತಿತ್ತು. ಬಾಗಿಲು ತಾನಾಗಿ ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ಎದುರಿಗೆ ಮೈದಾನ.

ಆಗ ಹೊರಗಿನಿಂದ ಯಾರೋ ಬಾಗಿಲನ್ನು ನೂಕಿ ಹಿಡಿದರು. “ಮಿಸ್, ಚಿಲಕ ಇಲ್ಲ. ನಾನು ಹಿಡ್ಕೊಂಡಿರ್ತೀನಿ, ನೀವು ನಿಧಾನಕ್ಕೆ ಬನ್ನಿ.”

ಹಿಂದಿನ ಬೆಂಚಿನ ಅದೇ ಹುಡುಗಿ. ನಾನು ಓಡಿದ್ದು ನೋಡಿ ಹಿಂದೆಯೇ ಬಂದಿದ್ದಳು.

ಹೊರಗೆ ಬಂದು, “ಯಾವಾಗಿಂದ ಹೀಗಿದೆ?” ಎಂದೆ.

“ನಾನು ಎಂಟನೇ ಕ್ಲಾಸಿಗೆ ಬಂದಾಗಿಂದ ಹೀಗೇ ಮಿಸ್. ಅದಕ್ಕೇ ಇಬ್ಬಿಬ್ರು ಬರ್ತೀವಿ. ಒಬ್ಳು ಹೋದ್ರೆ ಒಬ್ಳು ಹಿಡ್ಕೋಬೇಕು.”

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಬೆಳಿಗ್ಗೆ ಸೂರ್ಯ ಹುಟ್ಟುತ್ತಾನೆ ಎನ್ನುವ ಹಾಗೆ ಹೇಳಿದಳು. ಮದುವೆ ದಿಬ್ಬಣ ಎಂದು ನಾನು ಆಡಿದ ಮಾತನ್ನು ಅವಳು ನೆನಪಿಸಲಿಲ್ಲ. ನೆನಪಿಸಿದ್ದರೆ ಒಳ್ಳೆಯದಿತ್ತು. “ನೀವ್ಯಾಕೆ ಹೇಳ್ಲಿಲ್ಲ?” ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಇಪ್ಪತ್ತೇಳು ವರ್ಷ ನಾನು ಯಾರಿಗೆ ಹೇಳಿದ್ದೆ? ನಾನು ಬಾಯಿ ಕಟ್ಟಿಕೊಂಡದ್ದಲ್ಲದೆ, ಆ ಮಕ್ಕಳೂ ಕಟ್ಟಿಕೊಳ್ಳುವುದನ್ನು ಶಿಸ್ತು ಎಂದು ಕಲಿಸಿದ್ದೆ. ಮಧ್ಯಾಹ್ನ ಅವರ ನೀರಿನ ಬಾಟಲಿಗಳನ್ನು ನೋಡಿದೆ. ಹುಡುಗರವು ಖಾಲಿ. ಹುಡುಗಿಯರವು ಬೆಳಿಗ್ಗೆ ತಂದಷ್ಟೇ ತುಂಬಿದ್ದವು.

ಆ ಭಾನುವಾರ ನಮ್ಮ ಯಜಮಾನರು ಸ್ಕ್ರೂಡ್ರೈವರ್ ಹಿಡಿದು ಶಾಲೆಗೆ ಬಂದು ಎರಡು ಬಾಗಿಲಿಗೂ ಹೊಸ ಚಿಲಕ ಹಾಕಿದರು. ಚಿಲಕಕ್ಕೆ ಎಂಬತ್ತು ರೂಪಾಯಿಯಂತೆ ನೂರ ಅರವತ್ತು. ನನ್ನ ಕಲ್ಲಿಗೆ ಅರವತ್ತು ಸಾವಿರ ಮುಟ್ಟಿತ್ತು. ಸೋಮವಾರ ಹೆಡ್ಮಾಸ್ಟರಿಗೆ ಹೇಳಿದೆ. ಅವರು ಕೆಟ್ಟವರೇನಲ್ಲ, ಅವರಿಗೂ ಯಾರೂ ಹೇಳಿರಲಿಲ್ಲ. ಬೀಗದ ಕೈ ಅವರ ಕುರ್ಚಿಯ ಹಿಂದಿನಿಂದ ಸ್ಟಾಫ್ ರೂಮಿನ ಬಾಗಿಲ ಪಕ್ಕಕ್ಕೆ ಬಂತು. ಮಕ್ಕಳು ಮರೆಯದೆ ನೀರು ಕುಡಿಯಲಿ ಎಂದು 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರಿನ ಗಂಟೆ ಹೊಡೆಯಲು ಶುರುಮಾಡಿದಾಗ ಪತ್ರಿಕೆಯಲ್ಲಿ ಓದಿ ಮೆಚ್ಚಿಕೊಂಡಿದ್ದವಳು ನಾನು. ಗಂಟೆ ಹೊಡೆಯುವುದು ಸುಲಭ. ಚಿಲಕವಿಲ್ಲದ ಕಡೆ ಗಂಟೆ ಹೊಡೆದರೆ ಹುಡುಗಿಯರು ಕುಡಿದ ಹಾಗೆ ಮಾಡುತ್ತಾರೆ, ಅಷ್ಟೆ.

ಎರಡು ವಾರಕ್ಕೆ ಸ್ಟೆಂಟು ತೆಗೆದರು. ಐದು ನಿಮಿಷದ ಕೆಲಸ. ಹೊರಡುವಾಗ ಡಾಕ್ಟರು ಪಾಠ ಹೇಳಿದರು. ಕಲ್ಲು ತೆಗೆದದ್ದು ನಾವು, ಮತ್ತೆ ಬರದಂತೆ ನೋಡಿಕೊಳ್ಳಬೇಕಾದದ್ದು ನೀವು. ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು, ನಿಮ್ಮೂರಿನ ಬಿಸಿಲಿಗೆ ಇನ್ನೂ ಹೆಚ್ಚು. ಬಣ್ಣ ತಿಳಿಯಾಗಿದ್ದರೆ ಸರಿ, ಹಳದಿಗಟ್ಟಿದರೆ ಇನ್ನೊಂದು ಲೋಟ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ನಿಂಬೆಹಣ್ಣು ಒಳ್ಳೆಯದು. ಹಾಲು ಬಿಡಬೇಡಿ, ಅದನ್ನು ಬಿಟ್ಟರೆ ಆಕ್ಸಲೇಟ್ ಹೆಚ್ಚು ಸೇರುತ್ತದೆ. ಟೊಮೆಟೊ ತಿನ್ನಿ, ಬೀಜಕ್ಕೂ ನಿಮ್ಮ ಕಲ್ಲಿಗೂ ಸಂಬಂಧವಿಲ್ಲ. ಈ ಕೊನೆಯ ಎರಡನ್ನು ಯಜಮಾನರ ಮುಖ ನೋಡುತ್ತಲೇ ಇನ್ನೊಮ್ಮೆ ಹೇಳಿಸಿದೆ.

ಈಗ ಕ್ಲಾಸಿನಲ್ಲಿ ಮೇಜಿನ ಮೇಲೆ ನನ್ನ ಬಾಟಲಿ ಇರುತ್ತದೆ. ಪಾಠದ ನಡುವೆ ನಾನು ಕುಡಿಯುತ್ತೇನೆ, ಅವರೂ ಕುಡಿಯುತ್ತಾರೆ. ಹೋಗ್ಬರ್ಲಾ ಎಂದರೆ ಹೋಗು ಎನ್ನುತ್ತೇನೆ. ಪಾಠಕ್ಕೆ ತೊಂದರೆಯಾಗಲಿಲ್ಲವೇ ಎಂದು ಕನ್ನಡ ಮೇಷ್ಟ್ರು ಕೇಳಿದರು. ಸ್ವಲ್ಪ ಆಗುತ್ತದೆ. ಆಗಲಿ.

ಅಪ್ಪನ ನಶ್ಯದ ಡಬ್ಬಿ ಈಗ ನನ್ನ ಬೀರುವಿನಲ್ಲಿದೆ. ಅವರು ಹೋದ ಮೇಲೆ ಅಮ್ಮ ನನಗೇ ಕೊಟ್ಟಳು. ಯಜಮಾನರು ಅಂದು ಬಾಗಿಲಿಂದ ಕಿತ್ತು ಎಸೆಯಲು ಹೊರಟ ತುಕ್ಕುಹಿಡಿದ ಚಿಲಕದ ಅರ್ಧ ತುಂಡನ್ನು ಇಸಿದುಕೊಂಡು ಬಂದು ಡಬ್ಬಿಯ ಪಕ್ಕದಲ್ಲಿಟ್ಟಿದ್ದೇನೆ. ಮನೆಗೆ ಬಂದವರು ಕಲ್ಲು ತೋರಿಸಿ ಎಂದರೆ ಅದನ್ನೇ ತೋರಿಸುತ್ತೇನೆ.